ಊರು ಬಿಟ್ಟಿವಂತ ಊರಿಗೆ ಹೇಳಿಲ್ರಿ

ಧಾರವಾಡದಿಂದ ಹೊರಟ ಗಾಡಿ ವಾಸ್ಕೋ ಮುಟ್ಟುವವರೆಗೂ ನನಗೆ ಏನೂ ಅನಿಸಿರಲಿಲ್ಲ. ಎರಡು ಸಾವಿರದ ಹನ್ನೆರಡರ ಜೂನ್ ಅದು. ಗೋವಾದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲಕಿ ತನ್ನ ಮಗಳ ಮದುವೆಗೆ ಬರಲೇಬೇಕೆಂದು ಮೂರು ಸಲ ಫೋನು ಮಾಡಿದ್ದಳು. ನಮ್ಮ ಮನೆಯವರಿಗೆ ಮೊಣಕಾಲು ನೋವು, ಆದರೂ ಹೊರಟರು. ವಾಸ್ಕೋದಲ್ಲಿ ಇಳಿದು ಛತ್ರಿ ಬಿಚ್ಚುವಷ್ಟರಲ್ಲಿ ಬಂದರದ ಕಡೆಯಿಂದ ಗಾಳಿ ಬೀಸಿತು. ಅದರ ಜೊತೆ ತೊಯ್ದ ಕಲ್ಲಿದ್ದಲಿನ ವಾಸನೆ.

ಮೊದಲ ಮಳೆಗೆ ಬೇರೆ ಊರುಗಳಲ್ಲಿ ಮಣ್ಣಿನ ವಾಸನೆ ಏಳುತ್ತದೆ, ವಾಸ್ಕೋದಲ್ಲಿ ಇದ್ದಲಿನದು. ನಾನು ಆ ಊರಿನಲ್ಲಿ ಅರ್ಧ ಆಯುಷ್ಯ ಸಂಸಾರ ಮಾಡಿದವಳು. ಮುಂಜಾನೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಮಧ್ಯಾಹ್ನಕ್ಕೆ ಬೆರಳಾಡಿಸಿದರೆ ಹೆಸರು ಬರೆಯುವಷ್ಟು ಕರಿ ಧೂಳು ಕೂತಿರುತ್ತಿತ್ತು. ಬಿಳಿ ಬನಿಯನ್ನನ್ನು ಬಿಳಿಯಾಗಿಯೇ ಉಳಿಸುವುದು ಅಲ್ಲಿಯ ಹೆಂಗಸರಿಗೆ ಒಂದು ವಿದ್ಯೆ. ಆ ವಾಸನೆ ಬಂದರೆ ನನಗೆ ಎಲ್ಲ ವರ್ಷಗಳೂ ನೆನಪಾಗಬೇಕು. ಆದರೆ ಹಾಗಾಗುವುದಿಲ್ಲ. ಬೆಂಕಿಯ ಮೇಲೆ ಉಬ್ಬುವ ಜೋಳದ ರೊಟ್ಟಿಯ ವಾಸನೆ ಅದರೊಡನೆ ಕೂಡಿಕೊಂಡು ಒಂದೇ ಒಂದು ಮಳೆಗಾಲ ಎದುರಿಗೆ ಬಂದು ನಿಲ್ಲುತ್ತದೆ. ಎರಡು ಸಾವಿರದ ಆರರ ಮಳೆಗಾಲ. ಯಲ್ಲವ್ವ ಪಣಜಿಯಲ್ಲಿ ದಿಲ್ಲಿಯವರ ಮುಂದೆ ಮಾತಾಡಿದ ಮಳೆಗಾಲ.

ಯಲ್ಲವ್ವ ನಮಗೆ ರೊಟ್ಟಿ ತಂದುಕೊಡುತ್ತಿದ್ದವಳು. ನಮ್ಮ ಮನೆಯ ಹಿಂದಿನ ಇಳಿಜಾರಿನಲ್ಲಿ, ಬಂದರದ ಕೂಲಿಯವರ ತಗಡಿನ ಖೋಲಿಗಳ ಸಾಲಿನಲ್ಲಿ ಅವಳ ಮನೆ. ಬಾದಾಮಿ ಕಡೆಯವಳು. ಮದುವೆಯಾದ ವರ್ಷವೇ ಗಂಡ ಹನುಮಂತಪ್ಪನ ಹಿಂದೆ ಬಂದು, ಅವನು ಬಂದರದಲ್ಲಿ ಅದಿರಿನ ಮಣ್ಣು ಹೊರುವಾಗ ತಾನು ರೊಟ್ಟಿ ಬಡಿದು ಮಾರತೊಡಗಿದವಳು. ಸಂಜೆ ಐದರ ಸುಮಾರಿಗೆ ಬುಟ್ಟಿ ತಲೆಯ ಮೇಲೆ, ಬಳೆಗಳಿಗೆ ಸಿಕ್ಕಿಸಿದ ಪಿನ್ನುಗಳು ಕಿಣಿಕಿಣಿ ಅನ್ನುತ್ತ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಅಕ್ಕಾರ, ಬಿಸೀ ಅದಾವ್ರಿ. ಸಾಹೇಬ್ರಿಗೆ ಈಗ್ಲೇ ಹಾಕ್ರಿ, ಆಮ್ಯಾಲ ಹಪ್ಪಳ ಆಕ್ಕಾವು."

ಸಾಹೇಬರು ಅಂದರೆ ನಮ್ಮ ಮನೆಯವರು. ಊರಿನ ಒಂದು ಕಾಲೇಜಿನ ಆಫೀಸಿನಲ್ಲಿ ಹೆಡ್‌ಕ್ಲಾರ್ಕ್. ಹುಡುಗರ ಫೀ, ಸ್ಕಾಲರ್‌ಶಿಪ್ಪು, ಸರ್ಟಿಫಿಕೇಟು ಎಲ್ಲ ಅವರ ಮೇಜಿನ ಮೇಲಿಂದಲೇ ಹೋಗಬೇಕು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಿಲ್ಲದ ಮನುಷ್ಯ, ಯಾವ ಸುತ್ತೋಲೆ ಯಾವ ಫೈಲಿನಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುವರು.

ಯಲ್ಲವ್ವನ ಹಿರಿಮಗಳು ರೇಣುಕಾ ನಾಲ್ಕನೆಯ ತರಗತಿಯಿಂದ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಿದ್ದಳು. ನನಗೇನು ಬಹಳ ಬರುತ್ತಿತ್ತೆಂದಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದಷ್ಟೇ. ಸೆರಗಿನ ಅಂಚು ಮಡಚಿ ಹೊಲಿಯುವುದು, ಪ್ರಾರ್ಥನೆಗೆ ನಿಂತಾಗ ಕೈ ಹಿಂದೆ ಕಟ್ಟುವುದು, ಮತ್ತೆ ಒಂದು ವಾಕ್ಯವನ್ನು ಅದರ ಕೊನೆಯ ಚುಕ್ಕಿಯವರೆಗೆ ಓದದೆ ಅರ್ಥ ಹೇಳಬಾರದು ಅನ್ನುವುದು. ಆ ಕೊನೆಯದನ್ನು ನಾನು ರೇಣುಕಾಳಿಗೆ ದಾಟಿಸಿದೆ. ಅರ್ಧ ಓದಿ "ಗೊತ್ತಾತ್ರಿ ಮೌಶಿ" ಅಂದರೆ, "ಚುಕ್ಕಿತನಕ ಹೋಗು" ಅನ್ನುತ್ತಿದ್ದೆ. ಹುಡುಗಿ ತುಟಿಯಲ್ಲೇ ಗುನುಗುತ್ತ, ಬೆರಳು ಸರಿಸುತ್ತ ಚುಕ್ಕಿ ಮುಟ್ಟಿ ತಲೆ ಎತ್ತುತ್ತಿದ್ದಳು. ತೆಳ್ಳಗಿನ ಕೈ. ಬಲಗೈ ತೋರುಬೆರಳ ತುದಿಯಲ್ಲಿ ರೊಟ್ಟಿ ತಿರುವಿ ಸುಟ್ಟ ಕಲೆ.

ಆ ವರ್ಷ ಅವಳು ಹನ್ನೆರಡನೆಯದನ್ನು ಸೈನ್ಸಿನಲ್ಲಿ ಪಾಸಾದಳು, ಆ ಖೋಲಿಗಳ ಸಾಲಿನಲ್ಲಿ ಮೊದಲನೆಯವಳು. ಯಲ್ಲವ್ವ ಪೇಡೆಯ ಪೊಟ್ಟಣ ಹಿಡಿದು ಬಂದು, ಮೊದಲ ಪೇಡೆ ನಮ್ಮ ದೇವರ ಮುಂದಿಟ್ಟು, ಎರಡನೆಯದನ್ನು ನನ್ನ ಬಾಯಿಗೇ ಹಾಕಿದಳು. ರೇಣುಕಾ ಇವರ ಕಾಲೇಜಿನಲ್ಲೇ ಬಿ.ಎಸ್ಸಿ. ಸೇರಿದಳು. ಲ್ಯಾಬಿಗೆಂದು ಬಿಳಿ ಕೋಟು ಹೊಲಿಸಬೇಕಿತ್ತು. ನಮ್ಮ ಹಳೆಯ ಹಾಸಿಗೆಯ ಚಾದರೊಂದು ಗಟ್ಟಿಯಿತ್ತು, ನಾನೇ ಹೊಲಿದೆ. ಕೊರಳು ಸ್ವಲ್ಪ ಸೊಟ್ಟಗಾಯಿತು. ಅವಳು ಕನ್ನಡಿಯ ಮುಂದೆ ನಿಂತು, "ಡಾಕ್ಟರ್ ಬಾಯಿ ಕಂಡಂಗ ಕಾಣಾಕತ್ತೇನ್ರಿ ಮೌಶಿ?" ಅಂದಳು. ಆಗ ಯಲ್ಲವ್ವ, "ಹ್ಞೂಂ, ಮೊದ್ಲ ಆ ಕ್ವಾಟ ಕರ್ರಗ ಆಗದಂಗ ನೋಡ್ಕೋ, ಆಮ್ಯಾಲ ಡಾಕ್ಟರ್" ಅಂದಳು.

ಫೀ ಕಟ್ಟುವುದಿತ್ತಲ್ಲ, ಅದಕ್ಕೆ ಕೇಂದ್ರ ಸರಕಾರದ ಸ್ಕಾಲರ್‌ಶಿಪ್ಪು ಅಂತ ಎಲ್ಲರೂ ನಂಬಿದ್ದೆವು. ಇಂಥ ಮನೆಯ ಮಕ್ಕಳಿಗೆಂದೇ ಇದ್ದದ್ದು. ಮೊದಲ ಕಂತನ್ನು ಯಲ್ಲವ್ವ ರೊಟ್ಟಿಯ ಗಂಟಿನಿಂದ ಕಟ್ಟಿದಳು. ಎರಡನೆಯದಕ್ಕೆ ಚೌತಿಯವರೆಗೆ ವೇಳೆಯಿತ್ತು. ಇವರೇ ಅರ್ಜಿ ತುಂಬಿಸಿದರು. ಹತ್ತು ದಿವಸಕ್ಕೆ ಅದು ಮರಳಿ ಬಂತು.

ಅವತ್ತು ಇವರು ಊಟಕ್ಕೆ ಕೂತು, ಅನ್ನವನ್ನು ಸಾರಿನಲ್ಲಿ ಕಲಸುತ್ತಲೇ ಇದ್ದರು.

"ಏನಾತು?" ಅಂದೆ.

"ಯಾವ ರಾಜ್ಯಕ್ಕ ಸೇರಿದ ಹುಡುಗಿಯೋ ಆ ರಾಜ್ಯದವ್ರೇ ಅರ್ಜಿ ಕಳಿಸಬೇಕಂತ ನಿಯಮ ಅದ. ಈಕಿ ಹುಟ್ಟಿದ್ದು ಬಾದಾಮಿ ಕಡೆ. ಮನಿಯವ್ರ ರೇಷನ್ ಕಾರ್ಡೂ ಅಲ್ಲೇ, ಓಟೂ ಅಲ್ಲೇ. ಗೋವಾದಾಕಿ ಅಂತ ಇಲ್ಲಿಯವ್ರು ಹ್ಯಾಂಗ ಬರೀಬೇಕು?"

"ಒಂದನೇ ಇಯತ್ತೆಯಿಂದ ಇಲ್ಲೇ ಕಲಿತಾಳಲ್ಲ?"

"ಅದಕ್ಕ ಅಲ್ಲಿಯವ್ರೂ ಕೊಡೂದಿಲ್ಲ, ನೋಡ್ತಿರು."

ಹಾಗೇ ಆಯಿತು. ಮಳೆಗಾಲದಲ್ಲಿ ಅದಿರಿನ ಹಡಗು ಬರುವುದಿಲ್ಲ, ಬಂದರದ ಕೂಲಿಯೂ ನಿಲ್ಲುತ್ತದೆ. ಕೈ ಖಾಲಿಯಿದ್ದ ಹನುಮಂತಪ್ಪ ಊರಿಗೆ ಹೋಗಿ ತಾಲೂಕು ಕಚೇರಿಯಲ್ಲಿ ಎರಡು ದಿವಸ ಕೂತು ಬಂದ. ಮೊದಲೇ ಮಾತು ಕಡಿಮೆಯ ಮನುಷ್ಯ. ನಮ್ಮ ಬಾಗಿಲಲ್ಲಿ ತೊಯ್ದ ಟೊಪ್ಪಿಗೆ ಹಿಂಡುತ್ತ, "ಒಂದ ವರ್ಷನೂ ಇಲ್ಲಿ ಸಾಲಿ ಕಲಿತಿಲ್ಲ, ನಮ್ಮಾಕಿ ಹೆಂಗ ಆಕ್ಕಾಳಂದ್ರು ರೀ" ಅಂದು ಇಳಿದು ಹೋದ.

ಇತ್ತ ಗೋವಾದ ತಾಲೂಕು ಕಚೇರಿಯಾದ ಮಾಮ್ಲತದಾರ ಕಚೇರಿಗೆ ಯಲ್ಲವ್ವನ ಜೊತೆ ನಾನೂ ಹೋದೆ. ಅಲ್ಲಿಯ ಕ್ಲಾರ್ಕು ಕೆಟ್ಟವನಲ್ಲ. ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ಕಾಗದಗಳನ್ನೆಲ್ಲ ನೋಡಿ, ಹಿಂದಿಯಲ್ಲಿ ತಾಳ್ಮೆಯಿಂದ ತಿಳಿಸಿದ. ಸಾಲಿನಲ್ಲಿ ಹಿಂದೆ ನಿಂತವನೊಬ್ಬ "ಘಾಟಿ" ಅಂದದ್ದು ಕಿವಿಗೆ ಬಿತ್ತು. ಘಟ್ಟದ ಮೇಲಿನಿಂದ ಬಂದವರಿಗೆ ಅಲ್ಲಿ ಹಾಗೆನ್ನುತ್ತಾರೆ. ಯಲ್ಲವ್ವ ತಿರುಗಿ ನೋಡಿ, "ಹೌದೋ ಯಪ್ಪಾ, ಘಟ್ಟಾ ಇಳದ ಬಂದೇವಿ, ಹಾರಿ ಬಂದಿಲ್ಲ" ಅಂದಳು. ಅವನಿಗೆ ಕನ್ನಡ ತಿಳಿಯಲಿಲ್ಲ. ನಾನೊಬ್ಬಳೇ ನಕ್ಕೆ.

ಮರಳುವಾಗ ಬಸ್‌ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತಿದ್ದೆವು. ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಯಲ್ಲವ್ವ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು.

"ಅಕ್ಕಾರ, ಚೊಚ್ಚಲ ಬಾಣಂತನಕ್ಕ ತವರಿಗೆ ಹೋಗೂದು ತಪ್ಪೇನ್ರಿ?"

ನಾನೂ ಚೊಚ್ಚಲಿಗೆ ತವರಿಗೇ ಹೋದವಳು. ನಮ್ಮ ಕಡೆ ಹೋಗದಿದ್ದರೇ ಮಾತು. ಮಗಳನ್ನು ಕರೆಯಲಿಲ್ಲ ಅಂತ ತವರಿಗೆ ಕೆಟ್ಟ ಹೆಸರು. ಎರಡನೆಯದು ಗಂಡನ ಮನೆಯಲ್ಲಾದರೂ ನಡೆದೀತು, ಮೊದಲನೆಯದಕ್ಕೆ ಸೀಮಂತದ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋಗಲೇಬೇಕು. ಯಲ್ಲವ್ವನ ಚಿಕ್ಕ ಮಗ ವಾಸ್ಕೋದ ದವಾಖಾನೆಯಲ್ಲೇ ಹುಟ್ಟಿದವನು. ಅವನಿಗೆ ಈ ತೊಡಕಿಲ್ಲ. ಎಲ್ಲರಿಗಿಂತ ಹೆಚ್ಚು ಪ್ರೀತಿಯಿಂದ ಬರಮಾಡಿಕೊಂಡ ಕೂಸಿಗೇ ಊರಿಲ್ಲದಂತಾಗಿತ್ತು.

ಫೀ ನಾವು ಕಟ್ಟುತ್ತೇವೆ ಅಂತ ನಾನು ಹೇಳದೆ ಇರಲಿಲ್ಲ. ಇವರೇ ಹೇಳಲು ಹೇಳಿದ್ದರು. ಯಲ್ಲವ್ವ ಬುಟ್ಟಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಗಳಕ್ಕೆ ನಿಂತವಳಂತೆ ನಿಂತಳು.

"ಬ್ಯಾಡ್ರಿ ಅಕ್ಕಾರ. ನಿಮ್ಮ ರೊಕ್ಕದಾಗ ಕಲಿತ್ರ ನನ್ನ ಮಗಳು ಹೊಸ್ತಿಲ ಹೊರಗ ನಿಂತs ಮಾತಾಡ್ತಾಳ. ಈಗ ಒಳಗ ಬಂದು ನಿಮ್ಮ ಕುರ್ಚಿ ಮ್ಯಾಲ ಕುಂದರ್ತಾಳ. ಅದು ಹೋಗಬಾರ್ದು. ಸರಕಾರದ್ದಾದ್ರ ಯಾರ ಮುಂದನೂ ಬಗ್ಗೂದಿಲ್ಲ. ಎಲ್ಲಾರ್ದೂ ಅದು."

ಇವರಿಗೆ ಇದನ್ನು ಹೇಳಿದಾಗ "ಖರೇನ ಅಂದಾಳ" ಅಂದರು.

ಜುಲೈ ಹಿಡಿದಾಗ ಒಂದು ಸಂಜೆ ಇವರು ತೊಯ್ದ ಬೂಟಿನಲ್ಲೇ ಅಡಿಗೆಮನೆಯವರೆಗೆ ಬಂದರು. ಎಂದೂ ಹಾಗೆ ಬಂದವರಲ್ಲ. ದಿಲ್ಲಿಯ ಇಲಾಖೆ ಸ್ಕಾಲರ್‌ಶಿಪ್ಪಿನ ಆ ನಿಯಮವನ್ನೇ ಬದಲಿಸಲು ಹೊರಟಿದೆ, ಹೊಸ ನಿಯಮದ ಕರಡು ಹೊರಬಿದ್ದಿದೆ, ಜನರ ಅಭಿಪ್ರಾಯ ಕೇಳಲು ಅಧಿಕಾರಿಗಳು ಪಣಜಿಗೂ ಬರುತ್ತಾರೆ ಅಂದರು. ಕಾಲೇಜಿನವರಷ್ಟೇ ಅಲ್ಲ, ಯಾರು ಬೇಕಾದರೂ ಮಾತಾಡಬಹುದು.

"ಕರಡಿನ್ಯಾಗ ಹುಟ್ಟಿದ ಊರಿನ ಮಾತು ಹಂಗs ಉಳಿಸ್ಯಾರ," ಅಂದರು. "ಅದನ್ನ ತಗೀಬೇಕಂತ ಯಾರಾದ್ರೂ ಹೇಳಬೇಕು. ನಾ ಹೇಳಿದ್ರ ಕ್ಲಾರ್ಕಿನ ಮಾತು. ಯಲ್ಲವ್ವ ಹೇಳಬೇಕು."

ಯಲ್ಲವ್ವನಿಗೆ ತಿಳಿಸಿದಾಗ ಅವಳ ಮೊದಲ ಪ್ರಶ್ನೆ, "ದಿಲ್ಲಿಯವ್ರು ಮಳ್ಯಾಗ ಯಾಕ ಬರಾಕತ್ತಾರ್ರಿ? ಈಗ ತಾಜಾ ಮೀನಾನೂ ಸಿಗೂದಿಲ್ಲ ಇಲ್ಲಿ." ಆಮೇಲೆ ಗಂಭೀರಳಾದಳು. "ನಿಯಮ ಅಂದ್ರ ಮನಷ್ಯಾರು ಮಾಡೂದನ್ರಿ ಅದು? ನಾ ಮಳೀ ಇದ್ದಂಗ ಅಂತ ತಿಳಕೊಂಡಿದ್ನಿ."

ಪಣಜಿಗೆ ಹೋದದ್ದು ನಾವು ಮೂವರು: ಯಲ್ಲವ್ವ, ರೇಣುಕಾ, ನಾನು. ಇವರಿಗೆ ರಜೆ ಸಿಗಲಿಲ್ಲ. ಯಲ್ಲವ್ವ ಕುಬಸದ ದಿನ ತವರಿನವರು ಉಡಿಸಿದ್ದ ಇಳಕಲ್ಲ ಸೀರೆ ಉಟ್ಟಿದ್ದಳು. ಹದಿನೆಂಟು ಮಳೆಗಾಲ ಟ್ರಂಕಿನಲ್ಲಿದ್ದು ಮಡಿಕೆಯ ಗೆರೆ ಅದರಲ್ಲಿ ಕೂತುಬಿಟ್ಟಿತ್ತು. ಮಡಿಲಲ್ಲಿ ಒಂದು ಗಂಟು. ಬಸ್ಸು ಜುವಾರಿಯ ಸೇತುವೆ ಏರಿದಾಗ ಕೆಳಗೆ ನೀರೂ ಮೇಲೆ ಆಕಾಶವೂ ಒಂದೇ ಬಣ್ಣ. ರೇಣುಕಾ ಕಿಟಕಿಯ ಗಾಜಿನ ಮಂಜಿನ ಮೇಲೆ ಬೆರಳಿನಿಂದ ಏನೋ ಬರೆದಳು, ನಾನು ನೋಡುವಷ್ಟರಲ್ಲಿ ಅಂಗೈಯಿಂದ ಒರೆಸಿದಳು.

ದೊಡ್ಡ ಸಭಾಗೃಹ. ಕುರ್ಚಿಗಳ ಬೆನ್ನಿಗೆ ಬಿಳಿ ಟವೆಲ್ಲು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಸಂಘದವರು. ಒಬ್ಬೊಬ್ಬರೂ ದಪ್ಪ ಫೈಲು ತೆರೆದು ಬಹಳ ಹೊತ್ತು ಓದಿದರು. ವೇದಿಕೆಯ ಮೇಲೆ ದಿಲ್ಲಿಯ ಅಧಿಕಾರಿ, ನನ್ನಷ್ಟೇ ವಯಸ್ಸಿನ ಹೆಂಗಸು. ಹತ್ತಿಯ ಸೀರೆ, ಮೂಗಿನ ಮೇಲೆ ಜಾರುವ ಕನ್ನಡಕ. ನೆಗಡಿಯಾಗಿತ್ತೇನೋ, ಕರವಸ್ತ್ರ ಮುಷ್ಟಿಯಲ್ಲೇ ಇತ್ತು. ನಮ್ಮ ಸರದಿ ಬಂದಾಗ ಅವರು ಯಲ್ಲವ್ವನನ್ನು ನೋಡಿ, ಹಿಂದಿಯಲ್ಲಿ ಹೇಳಬಹುದು ಅಂದರು.

ಯಲ್ಲವ್ವನಿಗೆ ಪೇಟೆಯ ಹಿಂದಿ ಬರುತ್ತಿತ್ತು. ಆದರೆ ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

"ರೊಟ್ಟಿ ಮಾರೂ ಹಿಂದಿ ಐತ್ರಿ ನಂದು. ಇಲ್ಲಿ ನಡ್ಯೂದಿಲ್ಲ. ನಾ ನಮ್ಮ ಮಾತಿನ್ಯಾಗ ಹೇಳ್ತೇನಿ, ನೀವು ಚೆಂದ ಮಾಡಿ ಹೇಳ್ರಿ."

ನಾನು ಎದ್ದು ನಿಂತೆ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಕೂಡಿಕೊಂಡವು. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ನಿಂತು ಮಾತಾಡಿದ್ದೇ ಇಲ್ಲ. ಅವಳು ಒಂದು ಮಾತು ಹೇಳುವಳು, ನಾನು ಇಂಗ್ಲಿಷಿನಲ್ಲಿ ಒಂದು ಮಾತು ಹೇಳುವೆ. ಮಗಳು ಬೆಳೆದದ್ದು, ಕಲಿತದ್ದು, ಇಲ್ಲಿಯವರು ಅಲ್ಲಿಗೆ ಹೋಗು ಅಂದದ್ದು, ಅಲ್ಲಿಯವರು ಇಲ್ಲಿಗೆ ಹೋಗು ಅಂದದ್ದು. ಅಧಿಕಾರಿ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ಕೇಳಿದರು, ವಾಸ್ಕೋದಲ್ಲಿ ದವಾಖಾನೆ ಇದ್ದಾಗ ಹೆರಿಗೆಗೆ ಅಷ್ಟು ದೂರ ಯಾಕೆ ಹೋದಿರಿ?

ಯಲ್ಲವ್ವ ನನ್ನನ್ನು ಬಿಟ್ಟು ನೇರ ಅವರನ್ನೇ ನೋಡಿದಳು.

"ಬಾಯಾರ, ನೀವು ಎಲ್ಲಿ ಹುಟ್ಟೀರಿ?"

ನಾನು ಅಳುಕುತ್ತಲೇ ಅದನ್ನೂ ಹೇಳಿದೆ. ಅವರು ಪೆನ್ನು ಹಿಡಿದುಕೊಂಡೇ ಅವಳನ್ನು ನೋಡಿದರು. ಆಮೇಲೆ ಕರವಸ್ತ್ರ ಬಾಯಿಗೆ ಹಿಡಿದು ನಕ್ಕರು. ಅಜ್ಜಿಯ ಮನೆಯಲ್ಲಿ ಅಂದರು, ತಾಯಿಯ ತಾಯಿಯ ಮನೆಯಲ್ಲಿ. ಸಭೆಯೆಲ್ಲ ನಕ್ಕಿತು. ಯಲ್ಲವ್ವ ಮಾತ್ರ ನಗಲಿಲ್ಲ.

"ಹಂಗಾದ್ರ ರೇಷನ್ ಕಾರ್ಡು?" ಅಂತ ಪಕ್ಕದಲ್ಲಿದ್ದ ಇನ್ನೊಬ್ಬ ಅಧಿಕಾರಿ ಕೇಳಿದ್ದನ್ನು ನಾನು ಅವಳಿಗೆ ಹೇಳಿದೆ. ಇಷ್ಟು ವರ್ಷ ಇಲ್ಲಿದ್ದು ಅದನ್ನು ಇಲ್ಲಿಗೆ ಯಾಕೆ ಮಾಡಿಸಿಕೊಳ್ಳಲಿಲ್ಲ? ಓಟು ಹಾಕಲು ಪ್ರತಿ ಸಲ ಊರಿಗೆ ಯಾಕೆ ಹೋಗುತ್ತೀರಿ?

ಯಲ್ಲವ್ವ ಕೊರಳ ತಾಳಿಯ ಗುಳದಾಳಿ ಮುಟ್ಟಿಕೊಂಡಳು.

"ಸಾಹೇಬ್ರ, ನಾವು ಊರು ಬಿಟ್ಟಿವಂತ ಊರಿಗೆ ಹೇಳಿಲ್ರಿ. ಹೊಟ್ಟಿಗೆ ಬಂದೇವಿ, ಹೊಳ್ಳಿ ಬರ್ತೇವಂತ ಹೇಳಿ ಬಂದೇವಿ. ಹೆಸರು ತಗದ್ರ ನಮ್ಮತ್ತಿ ಏನಂದಾಳು? ಸತ್ರೇನು ಅಂದಾಳು. ಹೆಸರು ಅಲ್ಲಿರ್ಲಿ, ಮೈ ಇಲ್ಲಿರ್ಲಿ ಅಂತ ಇದ್ದಿವಿ. ಇದ್ರಾಗ ನನ್ನ ಮಗಳು ಏನ್ ಮಾಡ್ಯಾಳ? ಆಕಿ ಸಾಲಿ ಕಟ್ಟಿ ಇಲ್ಲೇ ಐತಿ. ಹೋಗಿ ಕೇಳ್ರಿ ಅದನ್ನ."

ನಾನು ಅದನ್ನು ಇಂಗ್ಲಿಷಿಗೆ ತಂದೆ. ಚೆಂದ ಮಾಡಲು ಹೋಗಲಿಲ್ಲ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ್ದರು. ಕೊನೆಗೆ, ಈ ಮಾತನ್ನು ನಾನು ದಿಲ್ಲಿಗೆ ಒಯ್ಯುತ್ತೇನೆ ಅಂದರು. ಯಲ್ಲವ್ವ ವೇದಿಕೆಯ ಹತ್ತಿರ ಹೋಗಿ ಮಡಿಲ ಗಂಟನ್ನು ಮೇಜಿನ ಮೇಲಿಟ್ಟಳು. ರೊಟ್ಟಿ, ಶೇಂಗಾ ಚಟ್ನಿ. "ದೂರ ಹೋಗಬೇಕಲ್ರಿ. ಕೆಡೂದಿಲ್ಲಿವು." ಜವಾನ ತೆಗೆಯಲು ಬಂದ, ಅವರು ಬೇಡವೆಂದು ಕೈ ಮಾಡಿದರು.

ಮರಳುವಾಗ ಯಲ್ಲವ್ವ ಬಸ್ಸಿನಲ್ಲಿ ಮಗಳ ಹೆಗಲ ಮೇಲೆ ಒರಗಿ ನಿದ್ದೆ ಹೋದಳು. ರೇಣುಕಾ ತಾಯಿಯ ತಲೆ ಅಲುಗದ ಹಾಗೆ ಹೆಗಲನ್ನು ಕಲ್ಲು ಮಾಡಿಕೊಂಡು ವಾಸ್ಕೋವರೆಗೆ ಕೂತಿದ್ದಳು.

ಆದರೆ ದಿಲ್ಲಿ ದೂರ. ಆಗಸ್ಟ್ ಹಾಗೇ ಕಳೆಯತೊಡಗಿತು. ನಮ್ಮ ಬೀದಿಯಲ್ಲಿ ಚೌತಿಗೆ ಮನೆ ಸುಣ್ಣ ಬಳಿಯತೊಡಗಿದರು. ಹನುಮಂತಪ್ಪನಿಗೆ ಇನ್ನೂ ಕೆಲಸವಿಲ್ಲ. ಅವನ ಪರಿಚಯದವನೊಬ್ಬ ಕುಂಡಯಿಯ ಔಷಧದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಹುಡುಗಿಯರು ಬೇಕು ಅಂದಿದ್ದ. ಇವರು ಪ್ರಿನ್ಸಿಪಾಲರ ಕಾಲು ಹಿಡಿದು ಫೀ ಕಟ್ಟಲು ಎರಡು ವಾರ ಹೆಚ್ಚಿಗೆ ಪಡೆದರು. ಅದೂ ಮುಗಿಯಿತು. ರೇಣುಕಾ ತಾನೇ ಇವರ ಮೇಜಿನ ಮುಂದೆ ಬಂದು ಹೆಸರು ತೆಗೆಸಲು ಸಹಿ ಮಾಡಿದಳಂತೆ. ಲೈಬ್ರರಿಯ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಳಂತೆ, ಒಂದು ಹನಿಯೂ ತಾಗದ ಹಾಗೆ. ಇವರು ಅದೊಂದನ್ನೇ ಎರಡು ಮೂರು ಸಲ ಹೇಳಿದರು. "ಸುತಳಿ ಹಾಕಿ ಕಟ್ಟಿದ್ಲು ನೋಡು," ಅಂದು ಕನ್ನಡಕ ತೆಗೆದು ಒರೆಸಿದರು. ಅವತ್ತು ಊಟ ಮಾಡಲಿಲ್ಲ.

ಯಲ್ಲವ್ವನಿಗೆ ಮಾತ್ರ ಭರವಸೆ ಸತ್ತಿರಲಿಲ್ಲ. "ಈ ವರ್ಷ ಫ್ಯಾಕ್ಟರಿ, ಮುಂದಿನ ವರ್ಷ ಕಾಲೇಜ. ಬಾಯಾರು ಮಾತು ಕೊಟ್ಟಾರ, ನನ್ನ ರೊಟ್ಟಿ ತಿಂದಾರ" ಅನ್ನುವಳು. ರೇಣುಕಾ ಬೇರೆ ಹುಡುಗಿಯರ ಜೊತೆ ಕುಂಡಯಿಯಲ್ಲೇ ಒಂದು ಖೋಲಿಯಲ್ಲಿದ್ದು ರವಿವಾರ ಬರುತ್ತಿದ್ದಳು. ಬಿಳಿ ಕೋಟನ್ನು ನಮ್ಮ ಮನೆಯಲ್ಲೇ ಇಟ್ಟಿದ್ದಳು, ತಮ್ಮ ಖೋಲಿಯಲ್ಲಿ ಕರಿ ಆಗುತ್ತದೆ ಅಂತ. ಬಂದಾಗೊಮ್ಮೆ ಅಲಮಾರಿ ತೆಗೆದು ನೋಡಿ ಮುಚ್ಚುವಳು.

ಬೇಸಿಗೆಯ ಕೊನೆಗೆ ನಿಯಮ ಬಂತು. ಇವರು ಆಫೀಸಿನಿಂದ ಪ್ರತಿ ತಂದು ಓದಿದರು. ಹುಟ್ಟಿದ ಸ್ಥಳವನ್ನು ನೋಡತಕ್ಕದ್ದಲ್ಲ, ಶಾಲೆ ಕಲಿತ ರಾಜ್ಯವೇ ವಿದ್ಯಾರ್ಥಿಯ ರಾಜ್ಯ. ಯಲ್ಲವ್ವ ಗುಳದಾಳಿ ಮುಟ್ಟಿ ಹೇಳಿದ್ದೇ ದಿಲ್ಲಿಯ ಇಂಗ್ಲಿಷಿನಲ್ಲಿ ಕೂತಿತ್ತು. ನಾನು ಕುಣಿಯುವುದೊಂದೇ ಬಾಕಿ. "ಚುಕ್ಕಿತನಕ ಓದ್ರಿ" ಅಂತ ನಾನೇ ಅಂದೆ, ಸಂತೋಷಕ್ಕೆ. ಅವರು ಮುಂದೆ ಓದಿದರು. ದನಿ ಸಣ್ಣಗಾಯಿತು. ಈ ಜೂನಿನಿಂದ, ಹೊಸದಾಗಿ ಸೇರುವವರಿಗೆ. ಹನ್ನೆರಡನೆಯದನ್ನು ಅದೇ ವರ್ಷ ಪಾಸಾದವರಿಗೆ ಮಾತ್ರ.

ರೇಣುಕಾ ಪಾಸಾಗಿ ಒಂದು ವರ್ಷವಾಗಿತ್ತು.

ಇವರು ದಿಲ್ಲಿಗೆ ಒಂದು ಪತ್ರ ಬರೆದರು. ಅದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ರವಿವಾರ ಬಂತು.

ರೇಣುಕಾ ನಮ್ಮ ಕುರ್ಚಿಯ ಮೇಲೆ ಕೂತು ತಾನೇ ಓದಿದಳು. ತುಟಿಯಲ್ಲಿ ಗುನುಗುತ್ತ, ಬೆರಳು ಸರಿಸುತ್ತ. ಮೊದಲ ಸಾಲುಗಳಿಗೆ ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಬೇಡಮ್ಮಾ, ಇಲ್ಲಿಗೇ ನಿಲ್ಲಿಸು ಅಂತ ಅನಿಸಿತು. ಅವಳು ನಿಲ್ಲಿಸಲಿಲ್ಲ, ಹಾಗೆ ಕಲಿಸಿದವಳು ನಾನೇ. ಬೆರಳು ಕೊನೆಯ ಚುಕ್ಕಿಯ ಮೇಲೆ ಬಂದು ಅಲ್ಲೇ ಉಳಿಯಿತು. ಈಗ ಅದರ ತುದಿಯಲ್ಲಿ ರೊಟ್ಟಿಯ ಸುಟ್ಟ ಕಲೆಯಿರಲಿಲ್ಲ, ಫ್ಯಾಕ್ಟರಿಯ ಅಂಟಿನಿಂದ ಚರ್ಮ ಸುಲಿದಿತ್ತು.

ಹೊರಗೆ ಬಳೆಯ ಪಿನ್ನುಗಳ ಸದ್ದು ಕೇಳಿತು. ಯಲ್ಲವ್ವ ಮೆಟ್ಟಿಲು ಹತ್ತುತ್ತಿದ್ದಳು. ಸುದ್ದಿ ಯಾರೋ ಅರ್ಧ ಮುಟ್ಟಿಸಿದ್ದರು. "ಆತಂತಲ್ರಿ! ನಮ್ಮ ಮಾತು ಕೇಳಿದ್ರಂತಲ್ರಿ!" ಅಂತ ಕೆಳಗಿನಿಂದಲೇ ಕೂಗುತ್ತಿದ್ದಳು.

ರೇಣುಕಾ ಕಾಗದ ಮಡಚಿ ಇವರ ಕೈಗೆ ಕೊಟ್ಟು, ಅವಸರದಲ್ಲಿ ಅಂದಳು:

"ಮೌಶಿ, ಕೊನೀದು ಅವ್ವಗ ಹೇಳಬ್ಯಾಡ್ರಿ."

"ಯಾಕs ಹುಚ್ಚೀ?"

"ಜಲ್ಮದಾಗ ಒಂದ ಸಲ ಆಕಿ ಮಾತಿಗೆ ಏನರ ಆಗೇತಿ. ಇರ್ಲಿ ಬಿಡ್ರಿ ಅದು."

ಅಷ್ಟರಲ್ಲಿ ಯಲ್ಲವ್ವ ಒಳಗೆ ಬಂದು ಇವರ ಕಾಲಿಗೆ ಬಿದ್ದಳು. ಇವರು ಹಿಂದೆ ಸರಿದು ಗೋಡೆಗೆ ಒರಗಿದರು. "ಯಾವಾಗ ಹೆಸರು ಹಚ್ಚೂದ್ರಿ ಸಾಹೇಬ್ರ?" ಅಂದಳು. ಇವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

"ನಾ ಹೋಗೂದಿಲ್ಲವ್ವಾ," ಅಂದಳು ರೇಣುಕಾ. "ಫ್ಯಾಕ್ಟರಿ ಚಲೋ ಐತಿ. ಮತ್ತ ಸಣ್ಣ ಹುಡಿಗ್ಯಾರ ನಡಕ ಹೋಗಿ ಕುಂದರಾಕ ನಂಗ ನಾಚಿಕಿ."

ಯಲ್ಲವ್ವ ಮೊದಲು ನಕ್ಕಳು, ಚೇಷ್ಟೆ ಅಂದುಕೊಂಡು. ಆಮೇಲೆ ಬೈದಳು. ಆಮೇಲೆ ಅತ್ತಳು. "ಪಗಾರದ ರುಚಿ ಹತ್ತೇತಿ ನಿಂಗ! ದಿಲ್ಲಿ ಬಾಯಾರ ಮುಂದ ನನ್ನ ನಿಲ್ಲಿಸಿ, ಈಗ ಒಲ್ಲೆ ಅಂತಿಯಲ್ಲs ರಂಡೇರಿ!" ರೇಣುಕಾ ತಲೆ ಬಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಹೋಗುವಾಗ ಬಿಳಿ ಕೋಟನ್ನು ಅಲಮಾರಿಯಿಂದ ತಗೊಂಡು, ಮುಂದೆ ಪಕ್ಕದ ಖೋಲಿಯ ಹುಡುಗಿಗೆ ಕೊಟ್ಟಳು. ಆ ಹುಡುಗಿ ಅದೇ ವರ್ಷ ಪಾಸಾಗಿದ್ದಳು. ಹೊಸ ನಿಯಮದಲ್ಲಿ ಅರ್ಜಿ ಹೋಗಿ, ಅವಳಿಗೆ ಸಿಕ್ಕಿತು. ಕೊರಳು ಸೊಟ್ಟಗಿದ್ದದ್ದನ್ನು ನಾನು ಬಿಚ್ಚಿ ಸರಿಮಾಡಿ ಕೊಟ್ಟೆ.

ಎರಡು ವರ್ಷಕ್ಕೆ ಇವರು ನಿವೃತ್ತರಾದರು, ನಾವು ಧಾರವಾಡಕ್ಕೆ ಬಂದೆವು.

ಈ ಸಲ ಮದುವೆ ಮುಗಿಸಿಕೊಂಡು ಸಂಜೆ ಇಳಿಜಾರು ಇಳಿದು ಖೋಲಿಗಳ ಸಾಲಿಗೆ ಹೋದೆ. ಇವರು ಕಾಲಿನ ನೆವ ಹೇಳಿ ಬರಲಿಲ್ಲ. ಯಲ್ಲವ್ವನ ಕೂದಲು ಬೆಳ್ಳಗಾಗಿದೆ, ಕಣ್ಣಿಗೆ ಪೊರೆ. ರೊಟ್ಟಿ ಬಡಿಯುವುದು ಕಡಿಮೆ. ದನಿಯ ಮೇಲೆ ಗುರುತು ಹಿಡಿದು, "ನಮ್ಮ ಅಕ್ಕಾರು ಬಂದಾರಬೇ!" ಅಂತ ಸಾಲಿಗೆಲ್ಲ ಕೇಳುವಂತೆ ಕೂಗಿದಳು. ಹೆಣ್ಣುಮಕ್ಕಳು ಬಂದು ಬಾಗಿಲಲ್ಲಿ ಗುಂಪಾದರು. ಅವರಲ್ಲಿ ಇಬ್ಬರು ಕಾಲೇಜಿನವರಂತೆ. ಇಬ್ಬರದೂ ಸ್ಕಾಲರ್‌ಶಿಪ್ಪಂತೆ.

"ಹೇಳ್ರಿ ಅಕ್ಕಾರ, ಇವ್ರು ನಂಬೂದಿಲ್ಲ. ಪಣಜ್ಯಾಗ ನಾ ಏನಂದ್ನಿ? ಆ ಇಂಗ್ಲೀಷಿನ್ಯಾಗs ಹೇಳ್ರಿ, ಅವತ್ತ ಹೇಳಿದಂಗ."

ನಾನು ಹೇಳಿದೆ. ಕೈ ಹಿಂದೆ ಕಟ್ಟಿಕೊಂಡು, ನಾವು ಊರು ಬಿಟ್ಟೆವೆಂದು ಊರಿಗೆ ಹೇಳಿಲ್ಲ ಅನ್ನುವುದನ್ನು ಆ ತಗಡಿನ ಖೋಲಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿಯರು ಚಪ್ಪಾಳೆ ಹೊಡೆದರು. ಯಲ್ಲವ್ವ ತನಗೆ ತಿಳಿಯದ ಆ ಮಾತಿಗೆ ಕಣ್ಣು ಮುಚ್ಚಿ ತಲೆದೂಗಿದಳು.

ಒಲೆಯ ಮುಂದೆ ರೇಣುಕಾ ಕೂತಿದ್ದಳು. ರವಿವಾರವಾದ್ದರಿಂದ ಮನೆಯಲ್ಲಿದ್ದಳು. ಮದುವೆಯಾಗಿದೆ, ಕುಂಡಯಿಯಲ್ಲೇ ಈಗ ಪ್ಯಾಕಿಂಗಿನ ಸೂಪರ್‌ವೈಸರ್. ಮಗ್ಗುಲಲ್ಲಿ ಮಲಗಿದ್ದ ಕೂಸು ಗೋವಾದ ದವಾಖಾನೆಯಲ್ಲಿ ಹುಟ್ಟಿದ್ದು. ಚೊಚ್ಚಲಿಗೆ ತವರಿಗೆ ಬಂದಿದ್ದಳು, ತವರೇ ವಾಸ್ಕೋ.

"ಊರ ಹುಡಿಗ್ಯಾರೆಲ್ಲಾ ಓದಿದ್ರು ನನ್ನ ಮಾತಿನಿಂದ," ಅಂದಳು ಯಲ್ಲವ್ವ, ಒಲೆಯ ಕಡೆ ಕೈ ಮಾಡಿ. "ಈಕಿ ಒಬ್ಬಾಕಿ ಓದಲಿಲ್ರಿ. ಕುಂಡಿ ಭಾರ. ಹೇಳ್ರಿ ಅಕ್ಕಾರ, ತಪ್ಪು ಯಾರ್ದು?"

ನಾನು ಬಾಯಿ ತೆರೆದೆ. ಏನು ಹೇಳುವವಳಿದ್ದೆನೋ ನನಗೇ ಗೊತ್ತಿಲ್ಲ.

"ನಂದs ಅವ್ವಾ," ಅಂದಳು ರೇಣುಕಾ. ನನ್ನ ಕಡೆ ನೋಡಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ಬೆರಳ ತುದಿಯಿಂದ ಎತ್ತಿ ಬೆಂಕಿಗೆ ಹಿಡಿದಳು. ಅದು ತುಂಬಿಕೊಂಡು ಉಬ್ಬಿತು. "ಮೌಶಿಗೆ ಬಿಸೀದು ಹಾಕ್ತೇನಿ ತಡಿ. ಆಮ್ಯಾಲ ಬೈಯುವಂತಿ."